ಕಮಾಂಡ್ ಲೈನ್‌ನಿಂದ ಸರ್ವರ್ ಬೇಗ ರೀಬೂಟ್ ಮಾಡುವುದು ಹೇಗೆ?

ರೀಬೂಟ್ ಕಮಾಂಡ್ ಟೈಪ್ ಮಾಡೋದಕ್ಕೆ ಎರಡು ಸೆಕೆಂಡ್ ಸಾಕು. ಸಮಯ ಹೋಗುವುದು ಅದಾದ ಮೇಲೆ. ಒಂದೊಂದು ಸರ್ವರ್ ನಿಲ್ಲೋದಕ್ಕೇ ಎರಡು ಮೂರು ನಿಮಿಷ ತಗೊಳ್ಳುತ್ತದೆ, ಇನ್ನೊಂದು ಬೇಗ ನಿಂತರೂ ಹಾರ್ಡ್‌ವೇರ್ ಚೆಕ್ ಮುಗಿಸಿ ಮೇಲೇಳುವಷ್ಟರಲ್ಲಿ ಐದು ನಿಮಿಷ ಕಾಯಿಸುತ್ತದೆ, ಮತ್ತೆ ಕೆಲವು ಏಳುವುದೇ ಇಲ್ಲ. ನಿಮ್ಮ ಮಿಷನ್ ಎಲ್ಲಿ ತಡ ಮಾಡುತ್ತಿದೆ ಅಂತ ಗೊತ್ತಾದರೆ ಮಾತ್ರ ಅದನ್ನು ಬೇಗ ಎಬ್ಬಿಸಬಹುದು.

ಕೊಡಗಿನಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ. ಕಾಫಿ ಕ್ಯೂರಿಂಗ್ ವರ್ಕ್ಸ್, ಎಸ್ಟೇಟ್ ಆಫೀಸ್, ಸಹಕಾರ ಸಂಘ, ಹೋಂಸ್ಟೇ, ಹೀಗೆ ಎಷ್ಟೋ ಕಡೆ ಮೂಲೆಯಲ್ಲಿ ಒಂದು ಲಿನಕ್ಸ್ ಸರ್ವರ್ ಕೂತಿರುತ್ತದೆ. ಅದನ್ನು ನೋಡಿಕೊಳ್ಳುವವರು ಅಲ್ಲಿರುವುದಿಲ್ಲ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ಕೂತು ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಕೆಲಸ ಮಾಡುತ್ತಿರುತ್ತಾರೆ. ಆಷಾಢದ ಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಅಂಥ ದಿನ ಸರ್ವರ್ ಮೇಲೇಳಲಿಲ್ಲ ಅಂದರೆ ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್ ಘಾಟಿ ಇಳಿದು ಹೋಗಿ ಬಟನ್ ಒತ್ತಬೇಕು. ಅದಕ್ಕೇ ಈ ಲೇಖನದಲ್ಲಿ ಕಮಾಂಡ್‌ಗಳಷ್ಟೇ ಜಾಗ ಕಮಾಂಡ್‌ಗೆ ಮೊದಲು ಮಾಡಬೇಕಾದ ಕೆಲಸಕ್ಕೂ ಕೊಟ್ಟಿದ್ದೇನೆ.

ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ, ಅಡ್ಡಗೆರೆ, ಚುಕ್ಕಿ, ಸ್ಪೇಸ್ ಇದ್ದ ಹಾಗೇ ಇರಲಿ. ಅರ್ಧ ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಉಳಿದದ್ದನ್ನು ಶೆಲ್ ತಾನೇ ತುಂಬುತ್ತದೆ. ನಾನು ಉಬುಂಟು ಮತ್ತು ಡೆಬಿಯನ್ ಇಟ್ಟುಕೊಂಡು ಹೇಳುತ್ತಿದ್ದೇನೆ. ಸಿಸ್ಟಮ್‌ಡಿ (ಸರ್ವೀಸ್‌ಗಳನ್ನು ಶುರು ಮಾಡಿ ನಿಲ್ಲಿಸುವ ವ್ಯವಸ್ಥೆ) ಇರುವ ಬೇರೆ ಲಿನಕ್ಸ್‌ಗೂ ಹೆಚ್ಚಿನದೆಲ್ಲ ಹೊಂದುತ್ತದೆ.

ಮೊದಲು: ಪೂರ್ತಿ ರೀಬೂಟ್ ಬೇಕಾ?

ಸಾಫ್ಟ್‌ವೇರ್ ಸ್ಲೋ ಆಯ್ತು ಅಂತ ಆಫೀಸಿನ ರೈಟರ್ (ಗುಮಾಸ್ತ) ಫೋನ್ ಮಾಡಿದ ತಕ್ಷಣ ಇಡೀ ಮಿಷನ್ ರೀಬೂಟ್ ಮಾಡಬೇಡಿ. ಎಷ್ಟೋ ಸಲ ಒಂದು ಸರ್ವೀಸ್ ರೀಸ್ಟಾರ್ಟ್ ಮಾಡಿದರೆ ಸಾಕು, ಐದು ಸೆಕೆಂಡಿನ ಕೆಲಸ (ಸುಡೊ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ; ಅಪಾಚೆ2 ಒಂದು ವೆಬ್ ಸರ್ವೀಸ್, ಅಲ್ಲಿ ನಿಮ್ಮ ಸರ್ವೀಸ್ ಹೆಸರು ಹಾಕಿ):

ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಅಪಾಚೆ2

ಯಾವುದು ಕೆಟ್ಟು ನಿಂತಿದೆ ಅಂತ ಗೊತ್ತಿಲ್ಲದಿದ್ದರೆ 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ಕೊಡಿ, ಬಿದ್ದ ಸರ್ವೀಸ್‌ಗಳ ಪಟ್ಟಿ ಬರುತ್ತದೆ. ಡಿಸ್ಕ್ ತುಂಬಿದೆಯಾ ಅಂತ 'ಡಿಎಫ್ -ಎಚ್' ನೋಡಿ. ಡಿಸ್ಕ್ ತುಂಬಿದ್ದರೆ ರೀಬೂಟ್‌ನಿಂದ ಏನೂ ಉಪಯೋಗ ಇಲ್ಲ, ಮಿಷನ್ ಮತ್ತೆ ಬಂದು ಅದೇ ಜಾಗದಲ್ಲಿ ನಿಲ್ಲುತ್ತದೆ.

ನಿಜವಾಗಿ ರೀಬೂಟ್ ಬೇಕಾಗುವುದು ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಹಾಕಿದಾಗ, ಇಲ್ಲವೇ ಯಾವುದಾದರೂ ಡ್ರೈವರ್ ಹ್ಯಾಂಗ್ ಆದಾಗ. ಉಬುಂಟುವಿನಲ್ಲಿ ಅಪ್‌ಡೇಟ್ ಆದ ಮೇಲೆ ರೀಬೂಟ್ ಬೇಕಿದ್ದರೆ '/ವಾರ್/ರನ್/ರೀಬೂಟ್-ರಿಕ್ವೈರ್ಡ್' ಅನ್ನುವ ಫೈಲ್ ಹುಟ್ಟಿಕೊಳ್ಳುತ್ತದೆ. ಫೈಲ್ ಇದೆ ಅಂದರೆ ಬೇಕು ಅಂತ ಅರ್ಥ.

ಎದ್ದು ಬರುತ್ತದಾ ಅಂತ ನೋಡಿಕೊಳ್ಳಿ

ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಇದನ್ನು ಬಿಟ್ಟರೆ ಎಷ್ಟೇ ಫಾಸ್ಟ್ ಕಮಾಂಡ್ ಕೊಟ್ಟರೂ ದಿನ ಹಾಳು.

ಮೊದಲು 'ಹೋಸ್ಟ್‌ನೇಮ್' ಅಂತ ಟೈಪ್ ಮಾಡಿ ನೀವು ಯಾವ ಸರ್ವರ್‌ನಲ್ಲಿದ್ದೀರಿ ಅಂತ ಖಚಿತ ಮಾಡಿಕೊಳ್ಳಿ. ನಾಲ್ಕು ಟರ್ಮಿನಲ್ ತೆಗೆದು ಕೂತಾಗ ವಿರಾಜಪೇಟೆಯದ್ದು ಯಾವುದು, ಸೋಮವಾರಪೇಟೆಯದ್ದು ಯಾವುದು ಅಂತ ಗೊಂದಲ ಆಗೋದು ಸಹಜ. 'ಮಾಲಿ-ಗಾರ್ಡ್' (molly-guard) ಅಂತ ಒಂದು ಪ್ಯಾಕೇಜ್ ಇದೆ. ಅದನ್ನು ಹಾಕಿದರೆ ಎಸ್‌ಎಸ್‌ಎಚ್‌ನಿಂದ ರೀಬೂಟ್ ಕೊಟ್ಟಾಗಲೆಲ್ಲ ಸರ್ವರ್ ಹೆಸರು ಟೈಪ್ ಮಾಡಿ ಅಂತ ಕೇಳುತ್ತದೆ, ತಪ್ಪು ಹೆಸರು ಕೊಟ್ಟರೆ ರೀಬೂಟ್ ಮಾಡುವುದಿಲ್ಲ. ಒಬ್ಬರೇ ಹಲವು ಕಡೆಯ ಸರ್ವರ್ ನೋಡಿಕೊಳ್ಳುತ್ತಿದ್ದರೆ ಇವತ್ತೇ ಹಾಕಿ.

ಆಮೇಲೆ 'ಡಬ್ಲ್ಯೂ' ಅನ್ನುವ ಒಂದೇ ಅಕ್ಷರದ ಕಮಾಂಡ್ ಕೊಡಿ. ಬೇರೆ ಯಾರು ಲಾಗಿನ್ ಆಗಿದ್ದಾರೆ, ಏನು ಓಡಿಸುತ್ತಿದ್ದಾರೆ ಅಂತ ತೋರಿಸುತ್ತದೆ. ಬ್ಯಾಕಪ್ ಓಡುತ್ತಿದೆಯಾ, ಆಪ್ಟ್ (ಪ್ಯಾಕೇಜ್ ಹಾಕುವ ಟೂಲ್) ಅಪ್‌ಡೇಟ್ ಅರ್ಧದಲ್ಲಿದೆಯಾ ನೋಡಿ. ಪ್ಯಾಕೇಜ್ ಇನ್‌ಸ್ಟಾಲ್ ನಡುವೆ ರೀಬೂಟ್ ಕೊಡುವಷ್ಟು ಅಪಾಯ ಬೇರೆ ಇಲ್ಲ. ಸಾಫ್ಟ್‌ವೇರ್ ರೈಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ವ್ಯವಸ್ಥೆ) ಇದ್ದರೆ 'ಕ್ಯಾಟ್ /ಪ್ರಾಕ್/ಎಂಡಿಸ್ಟ್ಯಾಟ್' ನೋಡಿ, ರೀಬಿಲ್ಡ್ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ.

ಮುಂದಿನದು ಎಫ್‌ಸ್ಟ್ಯಾಬ್, ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಸೇರಬೇಕು ಅನ್ನುವ ಪಟ್ಟಿ. ರೀಬೂಟ್ ಆದ ಮೇಲೆ ಸರ್ವರ್ ಎಮರ್ಜೆನ್ಸಿ ಮೋಡ್‌ನಲ್ಲಿ ಸಿಕ್ಕಿಕೊಳ್ಳುವುದಕ್ಕೆ ತುಂಬಾ ಸಲ ಈ ಒಂದು ಫೈಲೇ ಕಾರಣ. ಯಾರೋ ಬ್ಯಾಕಪ್‌ಗೆ ಅಂತ ಯುಎಸ್‌ಬಿ ಹಾರ್ಡ್ ಡಿಸ್ಕ್ ಸೇರಿಸಿ, '/ಇಟಿಸಿ/ಎಫ್‌ಸ್ಟ್ಯಾಬ್'ನಲ್ಲಿ ಒಂದು ಸಾಲು ಬರೆದು, ಆಮೇಲೆ ಡಿಸ್ಕ್ ಕಿತ್ತುಕೊಂಡು ಹೋಗಿರುತ್ತಾರೆ. ಸರ್ವರ್ ಓಡುತ್ತಿರುವಾಗ ಅದು ಗೊತ್ತೇ ಆಗುವುದಿಲ್ಲ. ಬೂಟ್ ಆಗುವಾಗ ಇಲ್ಲದ ಡಿಸ್ಕ್‌ಗಾಗಿ ಕಾದು ಕಾದು ಪಾಸ್‌ವರ್ಡ್ ಕೇಳುತ್ತಾ ನಿಲ್ಲುತ್ತದೆ, ಆ ಹೊತ್ತಿಗೆ ಎಸ್‌ಎಸ್‌ಎಚ್ ಶುರುವಾಗಿರುವುದೇ ಇಲ್ಲ. ರೀಬೂಟ್‌ಗೆ ಮೊದಲು ಇದನ್ನು ಕೊಡಿ:

ಸುಡೊ ಫೈಂಡ್‌ಎಂಎನ್‌ಟಿ --ವೆರಿಫೈ

ತಪ್ಪಿದ್ದರೆ ಹೇಳುತ್ತದೆ. ಇಲ್ಲದೆಯೂ ನಡೆಯುವಂಥ ಡಿಸ್ಕ್‌ಗಳ ಸಾಲಿಗೆ 'ನೋಫೇಲ್' ಅನ್ನುವ ಆಪ್ಷನ್ ಸೇರಿಸಿ. ಆಗ ಆ ಡಿಸ್ಕ್ ಸಿಗದಿದ್ದರೂ ಸರ್ವರ್ ಮೇಲೇಳುತ್ತದೆ.

ಹೊಸ ಕರ್ನಲ್‌ಗಾಗಿ ರೀಬೂಟ್ ಮಾಡುತ್ತಿದ್ದರೆ 'ಡಿಎಫ್ -ಎಚ್ /ಬೂಟ್' ನೋಡಲೇಬೇಕು. ಅಲ್ಲಿ ಜಾಗ ಮುಗಿದು ಬೂಟ್ ಶುರುವಿಗೆ ಬೇಕಾದ ಇನಿಟ್‌ಆರ್‌ಡಿ ಫೈಲ್ ಅರ್ಧ ಬರೆದಿದ್ದರೆ ಬೂಟ್ ಆಗುವುದಿಲ್ಲ. ಹಾಗೇ ಡೇಟಾಬೇಸ್, ಸಾಂಬಾ (ಫೈಲ್ ಹಂಚುವ ಸರ್ವೀಸ್) ಇವೆಲ್ಲ ತಾವಾಗೇ ಶುರುವಾಗುತ್ತವಾ ಅಂತ 'ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್' ಜೊತೆ ಸರ್ವೀಸ್ ಹೆಸರು ಕೊಟ್ಟು ನೋಡಿ. ಕೈಯಲ್ಲಿ ಸ್ಟಾರ್ಟ್ ಮಾಡಿ ಎನೇಬಲ್ ಮಾಡದೇ ಬಿಟ್ಟ ಸರ್ವೀಸ್ ರೀಬೂಟ್ ಆದ ಮೇಲೆ ಬರುವುದಿಲ್ಲ.

ಮಾಮೂಲಿ ರೀಬೂಟ್

ಎಲ್ಲ ಸರಿ ಇದ್ದರೆ ಇದು ಸಾಕು:

ಸುಡೊ ಸಿಸ್ಟಮ್‌ಸಿಟಿಎಲ್ ರೀಬೂಟ್

ಸುಮ್ನೆ 'ಸುಡೊ ರೀಬೂಟ್' ಅಂದರೂ ಈಗಿನ ಲಿನಕ್ಸ್‌ಗಳಲ್ಲಿ ನಡೆಯುವುದು ಇದೇ. ಸರ್ವೀಸ್‌ಗಳು ನಿಲ್ಲುತ್ತವೆ, ಡಿಸ್ಕ್‌ಗಳು ಅನ್‌ಮೌಂಟ್ ಆಗುತ್ತವೆ, ಆಮೇಲೆ ರೀಬೂಟ್. ಜನ ಕೆಲಸದಲ್ಲಿದ್ದರೆ ಐದು ನಿಮಿಷ ಸಮಯ ಕೊಡಿ:

ಸುಡೊ ಶಟ್‌ಡೌನ್ -ಆರ್ +5 "ಐದು ನಿಮಿಷದಲ್ಲಿ ರೀಬೂಟ್, ಬಿಲ್ ಸೇವ್ ಮಾಡಿ"

ಮನಸ್ಸು ಬದಲಾದರೆ 'ಸುಡೊ ಶಟ್‌ಡೌನ್ -ಸಿ' ಕೊಟ್ಟರೆ ಕ್ಯಾನ್ಸಲ್. ಆದರೆ ಈ ಮೆಸೇಜ್ ಕಾಣುವುದು ಟರ್ಮಿನಲ್‌ನಲ್ಲಿ ಲಾಗಿನ್ ಆದವರಿಗೆ ಮಾತ್ರ. ಬ್ರೌಸರ್‌ನಲ್ಲಿ ಬಿಲ್ಲಿಂಗ್ ಮಾಡುತ್ತಿರುವವರಿಗೆ ಕಾಣುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಸೀಸನ್‌ನಲ್ಲಿ ಸಂಜೆ ಹೊತ್ತು ಕ್ಯೂರಿಂಗ್ ವರ್ಕ್ಸ್ ಎದುರು ಪಿಕಪ್‌ಗಳು ಸಾಲಾಗಿ ನಿಂತಿರುತ್ತವೆ. ಒಬ್ಬರು ತೂಕ ಹೇಳುತ್ತಿರುತ್ತಾರೆ, ಇನ್ನೊಬ್ಬರು ಚೆರ್ರಿ ಮೂಟೆಯ ಲೆಕ್ಕ, ಓಟಿ (ಔಟ್‌ಟರ್ನ್, ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣ), ತೇವಾಂಶ ಎಲ್ಲ ಎಂಟ್ರಿ ಮಾಡುತ್ತಿರುತ್ತಾರೆ, ಬೆಳೆಗಾರರು ಚೀಟಿಗಾಗಿ ಕಾಯುತ್ತಿರುತ್ತಾರೆ. ಆ ಹೊತ್ತಲ್ಲಿ ಎಂಟ್ರಿ ಹೋದರೆ ಮತ್ತೆ ಎಲ್ಲ ಮೂಟೆ ಇಳಿಸಿ ತೂಗಬೇಕು. ಆದ್ದರಿಂದ ದಯವಿಟ್ಟು ಫೋನ್ ಮಾಡಿ ಹೇಳಿ, "ಅಣ್ಣಾ, ಈಗಿನ ಗಾಡಿ ಮುಗಿಸಿ ಐದು ನಿಮಿಷ ನಿಲ್ಲಿಸಿ" ಅಂತ. ಅವರು ಮುಗೀತು ಅಂದ ಮೇಲೆ ಕಮಾಂಡ್ ಕೊಡಿ.

ದೂರದ ಸರ್ವರ್‌ನಲ್ಲಿ ಫೈರ್‌ವಾಲ್ ಬದಲಾಯಿಸುವವರಿಗೆ ಇದೇ ಶಟ್‌ಡೌನ್ ಕಮಾಂಡ್‌ನಿಂದ ಇನ್ನೊಂದು ಉಪಕಾರ ಇದೆ. ಮೊದಲು 'ಶಟ್‌ಡೌನ್ -ಆರ್ +10' ಕೊಟ್ಟು, ಆಮೇಲೆ ಹೊಸ ಐಪಿಟೇಬಲ್ಸ್ (ಫೈರ್‌ವಾಲ್) ರೂಲ್ ಹಾಕಿ, ಅದನ್ನು ಸೇವ್ ಮಾಡಬೇಡಿ. ರೂಲ್ ತಪ್ಪಾಗಿ ನಿಮ್ಮ ಸಂಪರ್ಕವೇ ಕಡಿದುಹೋದರೆ ಹತ್ತು ನಿಮಿಷದಲ್ಲಿ ಸರ್ವರ್ ರೀಬೂಟ್ ಆಗಿ ಹಳೇ ರೂಲ್‌ಗಳ ಜೊತೆ ವಾಪಸ್ ಬರುತ್ತದೆ. ಎಲ್ಲ ಸರಿ ಇದ್ದರೆ ಕ್ಯಾನ್ಸಲ್ ಮಾಡಿ ಸೇವ್ ಮಾಡಿಕೊಳ್ಳಿ.

ನಿಲ್ಲುವುದಕ್ಕೇ ತಡ ಆಗುತ್ತಿದ್ದರೆ

ಮಾನಿಟರ್ ಹಾಕಿ ನೋಡಿದರೆ ಕಪ್ಪು ಸ್ಕ್ರೀನ್ ಮೇಲೆ ಕೆಂಪು ನಕ್ಷತ್ರಗಳು ಆಚೆಯಿಂದ ಈಚೆ ಓಡಾಡುತ್ತಾ, ಪಕ್ಕದಲ್ಲಿ 'ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್' ಅಂತ ಬರೆದು, ಕೊನೆಗೆ ಒಂದು ನಿಮಿಷ ಮೂವತ್ತು ಸೆಕೆಂಡ್‌ನ ಲೆಕ್ಕ ತೋರಿಸುತ್ತಿರುತ್ತದೆ. ಯಾವುದೋ ಸರ್ವೀಸ್ ನಿಲ್ಲು ಅಂದರೆ ನಿಲ್ಲುತ್ತಿಲ್ಲ ಅಂತ ಅರ್ಥ. ಸಿಸ್ಟಮ್‌ಡಿ ಮಾಮೂಲಿಯಾಗಿ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಬಲವಂತವಾಗಿ ಕೊಲ್ಲುತ್ತದೆ. ಇಂಥ ಎರಡು ಸರ್ವೀಸ್ ಒಂದರ ಹಿಂದೆ ಒಂದು ಬಂದರೆ ಮೂರು ನಿಮಿಷ ಹೋಯಿತು.

ಆ ಸರ್ವೀಸ್ ಹೆಸರು ಬರೆದಿಟ್ಟುಕೊಳ್ಳಿ. 'ಸುಡೊ ಸಿಸ್ಟಮ್‌ಸಿಟಿಎಲ್ ಎಡಿಟ್' ಜೊತೆ ಅದರ ಹೆಸರು ಕೊಟ್ಟು, ಸರ್ವೀಸ್ ವಿಭಾಗದಲ್ಲಿ 'ಟೈಮ್‌ಔಟ್‌ಸ್ಟಾಪ್‌ಸೆಕ್=15' ಅಂತ ಸೇರಿಸಿ. ಈ ಒಂದು ಹೆಸರಿನಲ್ಲಿ ಮಾತ್ರ ಟಿ, ಎಸ್, ಎಸ್ ಅಂತ ಮೂರು ಪದಗಳ ಮೊದಲ ಅಕ್ಷರ ದೊಡ್ಡದು. ಆದರೆ ಡೇಟಾಬೇಸ್‌ಗೆ ಹೀಗೆ ಮಾಡಬೇಡಿ. ಡೇಟಾಬೇಸ್ ನಿಲ್ಲಲು ತಡ ಮಾಡುವುದು ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಬರೆಯುತ್ತಿರುವುದರಿಂದ. ಅದಕ್ಕೆ ಬೇರೆ ದಾರಿ ಇದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆದರೆ ಜನ ಇನ್ನೂ ಕೆಲಸ ಮಾಡುತ್ತಿರುವಾಗಲೇ ಇದನ್ನು ಕೊಡಿ:

ಸುಡೊ -ಯು ಪೋಸ್ಟ್‌ಗ್ರೆಸ್ ಪಿಎಸ್‌ಕ್ಯೂಎಲ್ -ಸಿ "ಚೆಕ್‌ಪಾಯಿಂಟ್"

ಹೆಚ್ಚಿನ ಬರವಣಿಗೆ ಆಗಲೇ ಮುಗಿದುಹೋಗುತ್ತದೆ. ಆಮೇಲೆ ರೀಬೂಟ್ ಕೊಟ್ಟರೆ ಡೇಟಾಬೇಸ್ ಬೇಗ ನಿಲ್ಲುತ್ತದೆ.

ಮೇಲೇಳುವುದಕ್ಕೆ ತಡ ಆಗುತ್ತಿದ್ದರೆ

'ಸಿಸ್ಟಮ್‌ಡಿ-ಅನಲೈಜ್' ಕೊಡಿ. ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಮಿಷನ್ ಆದರೆ ಫರ್ಮ್‌ವೇರ್‌ಗೆ (ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ಎಷ್ಟು, ಲೋಡರ್‌ಗೆ ಎಷ್ಟು, ಕರ್ನಲ್‌ಗೆ ಎಷ್ಟು, ಸರ್ವೀಸ್‌ಗಳಿಗೆ ಎಷ್ಟು ಅಂತ ಬೇರೆ ಬೇರೆ ತೋರಿಸುತ್ತದೆ. ಸರ್ವೀಸ್‌ಗಳೇ ತಡ ಆದರೆ 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ನೋಡಿ. ನೆಟ್‌ವರ್ಕ್ ಕಾಯುವ ಸರ್ವೀಸ್ ಮೇಲೆ ಕಣ್ಣಿಡಿ. ಕೇಬಲ್ ಹಾಕದ ಎರಡನೇ ನೆಟ್‌ವರ್ಕ್ ಪೋರ್ಟ್ ಕಾನ್ಫಿಗರ್ ಆಗಿದ್ದರೆ ಅದಕ್ಕಾಗಿ ಎರಡು ನಿಮಿಷ ಸುಮ್ನೆ ಕಾಯುತ್ತದೆ. ಕರೆಂಟ್ ಹೋಗಿ ಬಂದಾಗ ಸರ್ವರ್ ಬೇಗ ಎದ್ದು ರೂಟರ್ ನಿಧಾನಕ್ಕೆ ಎದ್ದರೂ ಇದೇ ಕಥೆ. ಬೇಡದ ಪೋರ್ಟ್‌ಗೆ ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್) ಫೈಲ್‌ನಲ್ಲಿ 'ಆಪ್ಷನಲ್: ಟ್ರೂ' ಹಾಕಿದರೆ ಕಾಯುವುದು ತಪ್ಪುತ್ತದೆ.

ಉಬುಂಟುವಿನಲ್ಲಿ ಬೂಟ್ ಆಗುತ್ತಿರುವಾಗಲೇ ಕರೆಂಟ್ ಹೋದರೆ, ಮುಂದಿನ ಸಲ ಗ್ರಬ್ (ಕರ್ನಲ್ ಲೋಡ್ ಮಾಡುವ ಪ್ರೋಗ್ರಾಂ) ಮೆನು 30 ಸೆಕೆಂಡ್ ನಿಲ್ಲುತ್ತದೆ. '/ಇಟಿಸಿ/ಡಿಫಾಲ್ಟ್/ಗ್ರಬ್'ನಲ್ಲಿ 'ಗ್ರಬ್_ರೆಕಾರ್ಡ್‌ಫೇಲ್_ಟೈಮ್‌ಔಟ್=5' ಅಂತ ಪೂರ್ತಿ ದೊಡ್ಡ ಅಕ್ಷರದಲ್ಲಿ ಸೇರಿಸಿ 'ಸುಡೊ ಅಪ್‌ಡೇಟ್-ಗ್ರಬ್' ಕೊಡಿ.

ಫರ್ಮ್‌ವೇರ್‌ಗೇ ಮೂರು ನಾಲ್ಕು ನಿಮಿಷ ಹೋಗುತ್ತಿದೆ ಅಂದರೆ, ಅದು ನಿಜವಾದ ಸರ್ವರ್ ಹಾರ್ಡ್‌ವೇರ್‌ಗೆ ಮಾಮೂಲಿ. ಮೆಮೊರಿ ಚೆಕ್, ರೈಡ್ ಕಾರ್ಡ್, ಫ್ಯಾನ್, ಎಲ್ಲ ನೋಡಿ ಆಮೇಲೆ ಬಿಡುತ್ತದೆ. ಇಲ್ಲಿ ಕೆಎಕ್ಸೆಕ್ ಕೆಲಸಕ್ಕೆ ಬರುತ್ತದೆ. 2005ರಲ್ಲಿ 2.6.13 ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನಲ್ಲೇ ಇರುವ ಸೌಲಭ್ಯ ಇದು. ಹಳೇ ಕರ್ನಲ್ ಹೊಸ ಕರ್ನಲನ್ನು ಮೆಮೊರಿಗೆ ತಂದು ನೇರ ಅದಕ್ಕೇ ಕೈದಾಟಿಸುತ್ತದೆ, ಫರ್ಮ್‌ವೇರ್ ಹತ್ತಿರ ಹೋಗುವುದೇ ಇಲ್ಲ. 'ಕೆಎಕ್ಸೆಕ್-ಟೂಲ್ಸ್' ಪ್ಯಾಕೇಜ್ ಹಾಕಿಕೊಂಡು:

ಸುಡೊ ಕೆಎಕ್ಸೆಕ್ -ಎಲ್ /ಬೂಟ್/ವಿಎಂಲಿನಜ್ --ಇನಿಟ್‌ಆರ್‌ಡಿ=/ಬೂಟ್/ಇನಿಟ್‌ಆರ್‌ಡಿ.ಐಎಂಜಿ --ರೀಯೂಸ್-ಸಿಎಂಡಿಲೈನ್

ಸುಡೊ ಸಿಸ್ಟಮ್‌ಸಿಟಿಎಲ್ ಕೆಎಕ್ಸೆಕ್

ವಿಎಂಲಿನಜ್ ಅನ್ನುವಲ್ಲಿ ಕೊನೇ ಅಕ್ಷರ ಎಕ್ಸ್ ಅಲ್ಲ, ಝಡ್. ಉಬುಂಟುವಿನಲ್ಲಿ ಈ ಎರಡು ಹೆಸರುಗಳು ಹೊಸದಾಗಿ ಬಂದ ಕರ್ನಲ್‌ಗೆ ಲಿಂಕ್ ಆಗಿರುತ್ತವೆ, ಡೆಬಿಯನ್‌ನಲ್ಲಿ ಇದೇ ಲಿಂಕ್‌ಗಳು ರೂಟ್ ಫೋಲ್ಡರ್‌ನಲ್ಲಿರುತ್ತವೆ. 'ಯುನೇಮ್ -ಆರ್' ತೋರಿಸುವ ಆವೃತ್ತಿಯ ಫೈಲ್ ಕೊಡುವ ಅಭ್ಯಾಸ ಕೆಲವರಿಗಿದೆ. ಹಾಗೆ ಕೊಟ್ಟರೆ ಈಗ ಓಡುತ್ತಿರುವ ಹಳೇ ಕರ್ನಲ್ಲೇ ಮತ್ತೆ ಬರುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ '-ಎಸ್' ಕೂಡ ಸೇರಿಸಬೇಕು. ಎರಡನೇ ಸಾಲಿನ ಕಮಾಂಡ್ ಸರ್ವೀಸ್‌ಗಳನ್ನು ಸರಿಯಾಗಿ ನಿಲ್ಲಿಸಿಯೇ ಮುಂದೆ ಹೋಗುತ್ತದೆ. ಅದರ ಬದಲು 'ಕೆಎಕ್ಸೆಕ್ -ಇ' ಕೊಟ್ಟರೆ ನೇರ ಹಾರಿಬಿಡುತ್ತದೆ, ಅದು ಬೇಡ. ಕೆಲವು ರೈಡ್ ಕಾರ್ಡ್, ಗ್ರಾಫಿಕ್ಸ್ ಕಾರ್ಡ್‌ಗಳು ಫರ್ಮ್‌ವೇರ್ ರೀಸೆಟ್ ಇಲ್ಲದೆ ಸರಿಯಾಗಿ ಏಳುವುದಿಲ್ಲ. ಆದ್ದರಿಂದ ಮೊದಲ ಸಲ ಕೆಎಕ್ಸೆಕ್ ಮಾಡುವಾಗ ಮಿಷನ್ ಮುಂದೆಯೇ ಇದ್ದು ಮಾಡಿ. ಒಮ್ಮೆ ಸರಿ ಬಂದರೆ ಆ ಮಿಷನ್‌ಗೆ ದೂರದಿಂದಲೂ ಧೈರ್ಯವಾಗಿ ಕೊಡಬಹುದು.

ಕರ್ನಲ್ ಬದಲಾಯಿಸಬೇಕಿಲ್ಲ, ಉಳಿದದ್ದೆಲ್ಲ ಹೊಸದಾಗಿ ಶುರುವಾಗಲಿ ಅಂದರೆ 'ಸುಡೊ ಸಿಸ್ಟಮ್‌ಸಿಟಿಎಲ್ ಸಾಫ್ಟ್-ರೀಬೂಟ್' ಇದೆ. 2023ರಲ್ಲಿ ಸಿಸ್ಟಮ್‌ಡಿ 254ರಲ್ಲಿ ಬಂತು. ಉಬುಂಟು 24.04ರಲ್ಲಿ ಸಿಗುತ್ತದೆ, ಡೆಬಿಯನ್ 12ರಲ್ಲಿ ಇಲ್ಲ.

ಹ್ಯಾಂಗ್ ಆಗಿದೆ, ಏನು ಕೊಟ್ಟರೂ ಕೇಳುತ್ತಿಲ್ಲ

ಎಸ್‌ಎಸ್‌ಎಚ್ ಇನ್ನೂ ಇದೆ, ಆದರೆ ರೀಬೂಟ್ ಕೊಟ್ಟರೆ ಅಲ್ಲೇ ನಿಂತಿದೆ ಅಂದರೆ:

ಸುಡೊ ಸಿಸ್ಟಮ್‌ಸಿಟಿಎಲ್ ರೀಬೂಟ್ --ಫೋರ್ಸ್

ಇದು ಸರ್ವೀಸ್‌ಗಳನ್ನು ಒಂದೊಂದಾಗಿ ನಿಲ್ಲಿಸುವುದಿಲ್ಲ, ಎಲ್ಲ ಪ್ರೋಸೆಸ್‌ಗಳನ್ನು ಒಟ್ಟಿಗೆ ಕೊಂದು ಡಿಸ್ಕ್ ಅನ್‌ಮೌಂಟ್ ಮಾಡಿ ರೀಬೂಟ್ ಮಾಡುತ್ತದೆ. '--ಫೋರ್ಸ್' ಎರಡು ಸಲ ಕೊಟ್ಟರೆ ಅನ್‌ಮೌಂಟ್ ಕೂಡ ಇಲ್ಲ, ಪ್ಲಗ್ ಕಿತ್ತಷ್ಟೇ ಒರಟು.

ಅದರ ಬದಲು ನಾನು ಸಿಸ್‌ಆರ್‌ಕ್ಯೂ ಬಳಸಿ ಅಂತ ಹೇಳುತ್ತೇನೆ. ಇದು ನೇರ ಕರ್ನಲ್‌ಗೆ ಕೊಡುವ ಆದೇಶ. 'ಸುಡೊ -ಐ' ಕೊಟ್ಟು ರೂಟ್ ಆಗಿ, ಈ ಮೂರು ಸಾಲನ್ನು ಇದೇ ಕ್ರಮದಲ್ಲಿ, ನಡುವೆ ಕೆಲವು ಸೆಕೆಂಡ್ ಬಿಟ್ಟು ಕೊಡಿ:

ಎಕೋ ಎಸ್ > /ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್

ಎಕೋ ಯು > /ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್

ಎಕೋ ಬಿ > /ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್

ಎಸ್ ಅಂದರೆ ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಬರೆ. ಯು ಅಂದರೆ ಡಿಸ್ಕ್‌ಗಳನ್ನು ಓದಲು ಮಾತ್ರ ಅನ್ನುವ ಸ್ಥಿತಿಗೆ ತಾ. ಬಿ ಅಂದರೆ ತಕ್ಷಣ ರೀಬೂಟ್. ಬಿ ಒಂದನ್ನೇ ಕೊಟ್ಟರೆ ಬರೆಯದೇ ಉಳಿದ ಡೇಟಾ ಹೋಯಿತು ಅಂತಲೇ ಲೆಕ್ಕ. ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ) ಸರ್ವರ್ ಮಾಯವಾಗಿ ಅನ್‌ಮೌಂಟ್ ಸಿಕ್ಕಿಕೊಂಡಾಗ, ಪ್ರೋಸೆಸ್ ಡಿಸ್ಕ್‌ನಂಥದರ ಉತ್ತರಕ್ಕೆ ಕಾಯುವ 'ಡಿ' ಸ್ಥಿತಿಯಲ್ಲಿ ನಿಂತು ಕಿಲ್ ಕೊಟ್ಟರೂ ಸಾಯದಿದ್ದಾಗ, ಈ ದಾರಿಯಿಂದ ಹೊರಬರಬಹುದು.

ಎಸ್‌ಎಸ್‌ಎಚ್ ಕೂಡ ಇಲ್ಲ ಅಂದರೆ ಬಿಎಂಸಿ ಇರಬೇಕು. ಸರ್ವರ್ ಬೋರ್ಡ್ ಮೇಲೆ ಬೇರೆಯಾಗಿ ಓಡುವ ಚಿಕ್ಕ ಕಂಪ್ಯೂಟರ್ ಅದು. ನಿಮ್ಮ ಮಿಷನ್‌ಗೆ ಇದ್ದರೆ 'ಐಪಿಎಂಐಟೂಲ್'ನಿಂದ 'ಚಾಸಿ ಪವರ್ ಸೈಕಲ್' ಕೊಡಬಹುದು. ಆದರೆ ಬಿಎಂಸಿಯನ್ನು ನೇರ ಇಂಟರ್ನೆಟ್‌ಗೆ ತೆರೆದಿಡಬೇಡಿ, ವಿಪಿಎನ್ ಒಳಗಿರಲಿ. ಮಾಮೂಲಿ ಟವರ್ ಆದರೆ ಬಯಾಸ್‌ಗೆ ಹೋಗಿ, ಕರೆಂಟ್ ವಾಪಸ್ ಬಂದಾಗ ತಾನಾಗೇ ಆನ್ ಆಗುವ ಸೆಟ್ಟಿಂಗ್ ಹಾಕಿಡಿ. ಆಗ ಅಲ್ಲಿರುವವರಿಗೆ ಫೋನ್ ಮಾಡಿ ಸ್ವಿಚ್ ಆಫ್ ಮಾಡಿ ಆನ್ ಮಾಡಿ ಅಂದರೂ ಮಿಷನ್ ಏಳುತ್ತದೆ. ಈ ಸೆಟ್ಟಿಂಗನ್ನು ಮಳೆಗಾಲಕ್ಕೆ ಮೊದಲೇ, ಮೇ ತಿಂಗಳಲ್ಲೇ ಮುಗಿಸಿಬಿಡಿ.

ಬಂದ ಮೇಲೆ

'ಅಪ್‌ಟೈಮ್ -ಎಸ್' ಕೊಟ್ಟು ನಿಜವಾಗಿ ಈಗಷ್ಟೇ ಎದ್ದದ್ದು ಹೌದಾ ನೋಡಿ. ಪಿಂಗ್ ಬಂತು ಅಂತ ರೀಬೂಟ್ ಮುಗೀತು ಅಂದುಕೊಳ್ಳಬೇಡಿ, ಇನ್ನೂ ನಿಲ್ಲುತ್ತಿರುವ ಸರ್ವರ್ ಕೂಡ ಪಿಂಗ್‌ಗೆ ಉತ್ತರ ಕೊಡುತ್ತದೆ. 'ಯುನೇಮ್ -ಆರ್'ನಲ್ಲಿ ಹೊಸ ಕರ್ನಲ್ ಬಂದಿದೆಯಾ, 'ಸಿಸ್ಟಮ್‌ಸಿಟಿಎಲ್ --ಫೇಲ್ಡ್'ನಲ್ಲಿ ಯಾವುದೂ ಬಿದ್ದಿಲ್ಲವಾ ನೋಡಿ. ಯಾಕೆ ಹ್ಯಾಂಗ್ ಆಯಿತು ಅಂತ ತಿಳಿಯಬೇಕಿದ್ದರೆ ಹಿಂದಿನ ಬೂಟ್‌ನ ಲಾಗ್ ನೋಡಬೇಕು:

ಸುಡೊ ಜರ್ನಲ್‌ಸಿಟಿಎಲ್ -ಬಿ -1 -ಇ

ಏನೂ ಬರದಿದ್ದರೆ ಲಾಗ್ ಡಿಸ್ಕ್‌ನಲ್ಲಿ ಉಳಿಯುತ್ತಿಲ್ಲ ಅಂತ ಅರ್ಥ. '/ವಾರ್/ಲಾಗ್/ಜರ್ನಲ್' ಫೋಲ್ಡರ್ ಮಾಡಿ ಜರ್ನಲ್‌ಡಿ ಸರ್ವೀಸ್ ರೀಸ್ಟಾರ್ಟ್ ಮಾಡಿದರೆ ಮುಂದಿನ ಸಲಕ್ಕೆ ಉಳಿಯುತ್ತದೆ.

ಕೊನೆಗೆ ಆಫೀಸಿಗೆ ಫೋನ್ ಮಾಡಿ. ರೈಟರ್ ಹತ್ತಿರ ರೀಬೂಟ್‌ಗೆ ಮೊದಲು ಹಾಕಿದ ಕೊನೇ ಬಿಲ್ ತೆಗೆದು ಮೂಟೆ ಲೆಕ್ಕ, ತೂಕ ಸರಿ ಇದೆಯಾ ಅಂತ ನೋಡಲು ಹೇಳಿ, ಆಮೇಲೆ ಹೊಸದೊಂದು ಚೀಟಿ ಪ್ರಿಂಟ್ ತೆಗೆಸಿ. ಪ್ರಿಂಟರ್‌ನಿಂದ ಚೀಟಿ ಬಂತು ಅಂತ ಅವರು ಹೇಳಿದ ಮೇಲೆ ಟರ್ಮಿನಲ್ ಮುಚ್ಚಿ.